ಮಾಳಿಗೆ ಸೋರುವ ರಾತ್ರಿ ಮನೆಯ ಮಗ

ಪ್ರಶ್ನೆ: ಸರ್, ವಂದನೆಗಳು. ನಾನು ಭಾಲ್ಕಿ ತಾಲೂಕಿನ ಒಂದು ಹಳ್ಳಿಯವಳು. ನಮ್ಮ ಸಭೆಯಲ್ಲಿ ಸಂಡೇಸ್ಕೂಲ್ ಮಕ್ಕಳಿಗೆ ಕಲಿಸುತ್ತೇನೆ. ಚರ್ಚಿನ ಹಳೇ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಬೇಕೆಂದು ಮೂರು ವರ್ಷ ಹಣ ಕೂಡಿಸಿದೆವು. ನಮ್ಮಜ್ಜಿ ಒಂದು ಚೀಲ ತೊಗರಿ ಮಾರಿ ಕೊಟ್ಟಿದ್ದಳು. ಲೆಕ್ಕ ಕೇಳುವ ಹೊತ್ತಿಗೆ ಜಗಳವಾಗಿ ಸಭೆ ಎರಡಾಯಿತು. ಈಗ ಒಂದು ಗುಂಪು ಒಳಗೆ ಕೂಡುತ್ತದೆ, ಇನ್ನೊಂದು ಬೇವಿನ ಮರದ ಕೆಳಗೆ. ಇಪ್ಪತ್ತು ವರ್ಷ ಗಂಟೆ ಬಾರಿಸಿದ ನಮ್ಮಪ್ಪ ಎರಡೂ ಕಡೆ ಹೋಗುತ್ತಿಲ್ಲ. ಸಭೆ ದೇವರ ಮನೆ, ಆ ಮನೆಯ ಮೇಲೆ ಕ್ರಿಸ್ತನು ನಂಬಿಗಸ್ತನು ಎಂದು ಬೈಬಲಿನ ಇಬ್ರಿಯರ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಓದುತ್ತೇನೆ. ನಂಬಿಗಸ್ತನಾದರೆ ಈ ಮನೆಯನ್ನು ಹೀಗೆ ಯಾಕೆ ಬಿಟ್ಟಿದ್ದಾನೆ? ಅದೇ ವಚನದಲ್ಲಿ ‘ಕಡೇ ತನಕ ಹಿಡಿದುಕೊಂಡರೆ’ ನಾವು ಆತನ ಮನೆಯವರು ಎಂದಿದೆ. ಹಾಗಾದರೆ ನಮ್ಮಪ್ಪ ಹೊರಗಿನವರಾದರೇ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅಜ್ಜಿಯ ತೊಗರಿ ಚೀಲದ ಮಾತು ಬಂದಾಗಲೆಲ್ಲ ಓದು ಮುಂದೆ ಹೋಗುತ್ತಿರಲಿಲ್ಲ. ನಮ್ಮ ಕಡೆ ಒಂದು ಚೀಲ ತೊಗರಿ ಎಂದರೆ ಏನೆಂದು ನಮಗೆ ಗೊತ್ತು. ಅದು ದಾನವೂ ಹೌದು, ಆ ವರ್ಷದ ಸೀರೆಯೂ ಹೌದು, ಔಷಧವೂ ಹೌದು. ನಿಮ್ಮ ಸಭೆ ಯಾವ ಪಂಗಡದ್ದೆಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ.

ನೀವು ಓದಿದ ವಚನ ಹುಟ್ಟಿದ ಜಾಗಕ್ಕೆ ಮೊದಲು ಹೋಗೋಣ. ಇಬ್ರಿಯರ ಪತ್ರಿಕೆ ‘ಮೋಶೆಯು ದೇವರ ಮನೆಯಲ್ಲೆಲ್ಲಾ ನಂಬಿಗಸ್ತನಾಗಿದ್ದನು’ ಎನ್ನುವ ಮಾತನ್ನು ಹಳೆ ಒಡಂಬಡಿಕೆಯ ಅರಣ್ಯಕಾಂಡದ 12ನೇ ಅಧ್ಯಾಯದಿಂದ ತೆಗೆದುಕೊಂಡಿದೆ. ಆ ಅಧ್ಯಾಯ ಮನೆಯೊಳಗಿನ ಜಗಳದ ಅಧ್ಯಾಯ. ಇಸ್ರಾಯೇಲ್ ಜನರನ್ನು ಅರಣ್ಯದಲ್ಲಿ ನಡೆಸುತ್ತಿದ್ದ ಮೋಶೆಯ ಒಡಹುಟ್ಟಿದ ಅಕ್ಕ ಮಿರ್ಯಾಮಳು, ಅಣ್ಣ ಆರೋನನು ಅವನ ಹೆಂಡತಿಯ ನೆಪ ತೆಗೆದು ಅವನ ವಿರುದ್ಧ ಮಾತಾಡಿದರು. ಯೆಹೋವನು ಮೋಶೆಯೊಬ್ಬನ ಮೂಲಕವೇ ಮಾತಾಡಿದ್ದಾನೋ, ನಮ್ಮ ಮೂಲಕವೂ ಮಾತಾಡಲಿಲ್ಲವೋ ಎಂದರು. ಹೆಸರು ಬದಲಿಸಿದರೆ ಇದು ನಮ್ಮ ಯಾವ ಕಮಿಟಿ ಮೀಟಿಂಗಿನಲ್ಲಾದರೂ ಕೇಳಿಬರುವ ಮಾತು. ಮೋಶೆ ಉತ್ತರ ಕೊಡಲಿಲ್ಲ. ದೇವರೇ ಮೂವರನ್ನೂ ಗುಡಾರದ ಹತ್ತಿರ ಕರೆಸಿ, ನನ್ನ ಸೇವಕನಾದ ಮೋಶೆ ನನ್ನ ಮನೆಯಲ್ಲೆಲ್ಲಾ ನಂಬಿಗಸ್ತನು ಎಂದನು.

ಅಂದರೆ ‘ದೇವರ ಮನೆ’, ‘ನಂಬಿಗಸ್ತ’ ಎಂಬ ಎರಡು ಮಾತು ಜೊತೆಯಾಗಿ ಬಂದದ್ದು ಎಲ್ಲರೂ ಕೈಹಿಡಿದು ಕೀರ್ತನೆ ಹಾಡುತ್ತಿದ್ದ ದಿನದಲ್ಲಲ್ಲ. ಮನೆ ಒಡೆಯುವ ಹೊತ್ತಿನಲ್ಲಿ, ಒಡೆದವರ ಮುಂದೆಯೇ ಆ ಮಾತು ಬಂತು. ‘ನಂಬಿಗಸ್ತನಾದರೆ ಈ ಜಗಳ ಯಾಕೆ’ ಎಂದು ನೀವು ಕೇಳಿದ್ದೀರಿ. ಆದರೆ ಜಗಳ ಇದ್ದಲ್ಲಿಯೇ ಈ ಮಾತಿಗೆ ಮೊದಲು ಕೆಲಸ ಬಿದ್ದದ್ದು.

ಮುಂದೆ ನಡೆದದ್ದನ್ನೂ ಓದಬೇಕು. ಮಿರ್ಯಾಮಳಿಗೆ ಚರ್ಮರೋಗ ಬಂದು ಹಿಮದಂತೆ ಬೆಳ್ಳಗಾದಳು. ಯಾರ ವಿರುದ್ಧ ಮಾತಾಡಿದ್ದಳೋ ಅದೇ ತಮ್ಮ ಅವಳಿಗಾಗಿ ದೇವರಿಗೆ ಮೊರೆಯಿಟ್ಟನು. ಅವಳು ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತು. ಆಮೇಲೆ ಒಂದು ಸಣ್ಣ ಮಾತಿದೆ, ಅವಸರದಲ್ಲಿ ಓದಿದರೆ ತಪ್ಪಿಹೋಗುತ್ತದೆ: ಅವಳನ್ನು ಒಳಗೆ ಕರೆದುಕೊಳ್ಳುವ ತನಕ ಜನ ಪ್ರಯಾಣ ಮಾಡಲಿಲ್ಲ. ಅರಣ್ಯದಲ್ಲಿ, ನೀರಿಗೂ ಅನ್ನಕ್ಕೂ ಪರದಾಡುವ ಜನ, ತಪ್ಪು ಮಾಡಿದ ಒಬ್ಬ ಹೆಂಗಸಿಗಾಗಿ ಏಳು ದಿನ ಗುಡಾರ ಕೀಳದೆ ನಿಂತರು. ಈ ವಾರ ನಿಮ್ಮ ಊರಿನ ಎರಡೂ ಗುಂಪಿನವರಿಗೆ ಒಂದೇ ಒಂದು ವಚನ ಓದಿಸುವ ಅಧಿಕಾರ ನನಗಿದ್ದರೆ ಇದನ್ನೇ ಓದಿಸುತ್ತಿದ್ದೆ.

ಇನ್ನು ‘ಮನೆ’ ಎನ್ನುವ ಪದ. ಇಬ್ರಿಯ ಭಾಷೆಯ ‘ಬಯಿತ್’, ಗ್ರೀಕಿನ ‘ಓಯಿಕೊಸ್’ ಎರಡಕ್ಕೂ ಕಟ್ಟಡ ಎಂಬ ಅರ್ಥವೂ ಇದೆ, ಕುಟುಂಬ ಎಂಬ ಅರ್ಥವೂ ಇದೆ. ಅರಸ ದಾವೀದನು ದೇವರಿಗೆ ಮನೆ ಕಟ್ಟುತ್ತೇನೆ ಎಂದಾಗ, ಪ್ರವಾದಿ ನಾತಾನನ ಬಾಯಿಂದ ದೇವರು ‘ನಾನೇ ನಿನಗೆ ಮನೆ ಕಟ್ಟುತ್ತೇನೆ’ ಎಂದದ್ದು ಈ ಎರಡು ಅರ್ಥದ ಮೇಲೆಯೇ ನಿಂತಿದೆ. ದಾವೀದನ ಮನಸ್ಸಿನಲ್ಲಿದ್ದದ್ದು ದೇವದಾರು ಮರದ ಕಟ್ಟಡ, ದೇವರು ಹೇಳಿದ್ದು ಸಂತಾನ. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ನಿಮ್ಮ ಮನೆಯವರು ಹ್ಯಾಂಗದಾರ’ ಎಂದು ಕೇಳಿದರೆ ಯಾರೂ ಗೋಡೆ ತೋರಿಸುವುದಿಲ್ಲ. ಅಪೊಸ್ತಲ ಪೌಲನು ಎಫೆಸದ ಸಭೆಯವರಿಗೆ ‘ನೀವು ದೇವರ ಮನೆಯವರು’ ಎಂದು ಬರೆದಾಗಲೂ, ಇಬ್ರಿಯರ ಪತ್ರಿಕೆ ‘ನಾವೇ ಆತನ ಮನೆ’ ಎಂದಾಗಲೂ ಹೇಳಿದ್ದು ಈ ಮನೆಯನ್ನೇ. ಆದ್ದರಿಂದ ಕೀಲಿಕೈ ಯಾವ ಗುಂಪಿನ ಹತ್ತಿರ ಇದೆಯೋ ಆ ಗುಂಪೇ ದೇವರ ಮನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೇವಿನ ಮರದ ಕೆಳಗಿನವರು ಹೇಳಿದರೂ ಅಷ್ಟೇ.

‘ನಂಬಿಗಸ್ತ’ ಎನ್ನುವುದಕ್ಕೆ ಅರಣ್ಯಕಾಂಡದಲ್ಲಿರುವ ಇಬ್ರಿಯ ಪದ ‘ನೆಎಮಾನ್’. ಪ್ರಾರ್ಥನೆಯ ಕೊನೆಗೆ ನೀವು ನಾನು ಹೇಳುವ ‘ಆಮೆನ್’ ಇದೇ ಬೇರಿನದು. ಅಲುಗದೆ ನಿಲ್ಲುವುದು, ಭಾರ ಹಾಕಿದರೆ ತಾಳುವುದು ಎನ್ನುವ ಭಾವ ಅದರಲ್ಲಿದೆ. ಮನೆಯ ಕಂಬ ಇದ್ದ ಹಾಗೆ.

ಈಗ ನಿಮ್ಮ ಪ್ರಶ್ನೆಯ ನಡುಭಾಗಕ್ಕೆ ಬರುತ್ತೇನೆ. ಕ್ರಿಸ್ತನು ಯಾರಿಗೆ ನಂಬಿಗಸ್ತನು? ಇಬ್ರಿಯರ ಅದೇ 3ನೇ ಅಧ್ಯಾಯದ 2ನೇ ವಚನ ನೋಡಿ: ತನ್ನನ್ನು ನೇಮಿಸಿದಾತನಿಗೆ. ನಾವು ಸಾಮಾನ್ಯವಾಗಿ ಇದನ್ನು ದಾಟಿ ಮುಂದೆ ಹೋಗುತ್ತೇವೆ. ಸಭೆಯ ಮೇಲೆ ಆತನಿಗಿರುವ ನಂಬಿಗಸ್ತಿಕೆಯ ಬೇರು ಸಭೆಯಲ್ಲಿಲ್ಲ, ತಂದೆಯಲ್ಲಿದೆ. ತಂದೆ ಈ ಮನೆಯನ್ನು ಆತನ ಕೈಗೆ ಕೊಟ್ಟನು, ಆತನು ತಂದೆಗೆ ಮಾತು ತಪ್ಪುವುದಿಲ್ಲ, ಅದಕ್ಕಾಗಿ ನಮ್ಮನ್ನು ಬಿಡುವುದಿಲ್ಲ. ನಾವು ಒಳ್ಳೆಯವರಾಗಿದ್ದೇವೆಂದು ಆತನು ನಂಬಿಗಸ್ತನಾಗಿದ್ದರೆ, ನಿಮ್ಮ ಊರಿನ ಜಗಳದ ದಿನವೇ ಅದು ಮುಗಿದಿರುತ್ತಿತ್ತು. ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುವನು ಎಂದು ಪೌಲನು ತಿಮೊಥೆಗೆ ಬರೆದದ್ದೂ ಇದನ್ನೇ. ತನ್ನ ಸ್ವಭಾವಕ್ಕೆ ವಿರುದ್ಧವಾಗಿ ಆತನು ನಡೆಯಲಾರನು.

ಇದೇ ಅಧ್ಯಾಯ ಮೋಶೆಯನ್ನು ಮನೆಯ ಆಳಿಗೂ ಕ್ರಿಸ್ತನನ್ನು ಮನೆಯ ಮಗನಿಗೂ ಹೋಲಿಸುತ್ತದೆ. ಆಳು ಮತ್ತು ಮಗನ ಈ ಹೋಲಿಕೆ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ಶಹಾಪುರದ ಕಡೆಯವನು. ನಮ್ಮಪ್ಪ ಒಂದು ದೊಡ್ಡ ಒಕ್ಕಲುಮನೆಯಲ್ಲಿ ಸಂಬಳದಾಳು. ಯುಗಾದಿಯಿಂದ ಯುಗಾದಿಗೆ ಕರಾರು. ಆ ಮನೆಗೆ ಮಣ್ಣಿನ ಮಾಳಿಗೆ, ಮೇಲ್ಮುದ್ದಿ. ಒಂದು ವರ್ಷ ಮಳೆಗಾಲದಲ್ಲಿ ನಡುರಾತ್ರಿ ಮಾಳಿಗೆ ಸೋರಹತ್ತಿತು. ಅಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಓಡಿದ. ನಾನು ಹಿಂದೆ ಕಂದೀಲು ಹಿಡಿದು ಓಡಿದೆ. ನಿಚ್ಚಣಿಕೆ ಹತ್ತಿದಾಗ ಅಲ್ಲಿ ಆಗಲೇ ಆ ಮನೆಯ ಮಗ ಮೊಣಕಾಲೂರಿ ಕೂತಿದ್ದ. ಬೆಳಕಿಂಡಿಯ ಸುತ್ತ ಮಣ್ಣು ಕುಸಿದಿತ್ತು. ಇಬ್ಬರೂ ಬುಟ್ಟಿಯಲ್ಲಿ ಒಣಮಣ್ಣು ತಂದು ಸುರಿದು, ಕಾಲಿನಿಂದ ತುಳಿದು, ಅಂಗೈಯಿಂದ ಒತ್ತಿ ಒತ್ತಿ ಮುಚ್ಚಿದರು. ಕತ್ತಲಲ್ಲಿ ಯಾರು ಆಳು, ಯಾರು ಮಗ ಎಂದು ಗುರುತು ಹತ್ತುತ್ತಿರಲಿಲ್ಲ. ಇಬ್ಬರ ಕೈಗೂ ಅದೇ ಕೆಸರು.

ನಮ್ಮಪ್ಪನ ನಂಬಿಗಸ್ತಿಕೆಗೆ ಏನೂ ಕುಂದಿರಲಿಲ್ಲ. ನಮ್ಮ ಗುಡಿಸಲೂ ಆ ರಾತ್ರಿ ಸೋರುತ್ತಿತ್ತು, ಆತ ಮೊದಲು ಓಡಿದ್ದು ಧಣಿಗಳ ಮಾಳಿಗೆಗೆ. ಆದರೂ ಮುಂದಿನ ಯುಗಾದಿಗೆ ಲೆಕ್ಕ ತೀರಿತು, ಅಪ್ಪ ಬೇರೆ ಮನೆಗೆ ದುಡಿಯಲು ಹೋದ. ಆ ಮಗನಿಗೆ ಯುಗಾದಿ ಬಂದರೂ ಅದೇ ಮನೆ, ಮಾಳಿಗೆ ಬಿದ್ದರೂ ಅದೇ ಮನೆ. ಇಬ್ರಿಯರ ಪತ್ರಿಕೆಯಲ್ಲಿ ‘ಮೋಶೆ ಸೇವಕನಾಗಿ ಮನೆಯಲ್ಲಿ, ಕ್ರಿಸ್ತನು ಮಗನಾಗಿ ಮನೆಯ ಮೇಲೆ’ ಎಂದು ಓದಿದಾಗಲೆಲ್ಲ ನನಗೆ ಆ ರಾತ್ರಿ ಕಣ್ಣಿಗೆ ಬರುತ್ತದೆ. ಇಲ್ಲಿ ಮೋಶೆಯನ್ನು ಕೀಳು ಮಾಡಿಲ್ಲ. ಅವನಿಗೆ ಬಳಸಿದ ಗ್ರೀಕ್ ಪದ ‘ಥೆರಾಪೋನ್’, ಗೌರವದ ಸೇವಕ ಎಂಬ ಅರ್ಥದ್ದು. ಹೊಸ ಒಡಂಬಡಿಕೆಯಲ್ಲಿ ಈ ಪದ ಬಂದಿರುವುದು ಇದೊಂದೇ ಕಡೆ, ಮೋಶೆಗೆ ಮಾತ್ರ. ಅಂಥವನ ಸೇವೆಗೂ ಒಂದು ಅವಧಿ ಇತ್ತು. ಮಗನದಕ್ಕೆ ಅವಧಿ ಇಲ್ಲ.

ಪಾಸ್ಟರು, ಖಜಾಂಚಿ, ಸೆಕ್ರೆಟರಿ, ಕಮಿಟಿಯವರು ಎಲ್ಲರೂ ಅವಧಿಯವರು. ಪೌಲನು ಕೊರಿಂಥದವರಿಗೆ ಬರೆಯುವಾಗ ತನ್ನನ್ನೂ ಸೇರಿಸಿ ‘ಮನೆವಾರ್ತೆಯವರು’, ಅಂದರೆ ಮನೆಯ ಉಸ್ತುವಾರಿ ನೋಡುವವರು, ಎನ್ನುತ್ತಾನೆ. ಮನೆವಾರ್ತೆಯವನು ನಂಬಿಗಸ್ತನಾಗಿ ಕಂಡುಬರಬೇಕು ಎಂದೂ ಸೇರಿಸುತ್ತಾನೆ. ಅವರ ಕೈಗೆ ಕೀಲಿ ಕೊಟ್ಟದ್ದು ಸ್ವಂತಕ್ಕಲ್ಲ. ಆದ್ದರಿಂದ ಅಜ್ಜಿಯ ತೊಗರಿ ಹಣಕ್ಕೆ ಲೆಕ್ಕ ಕೇಳಿದ್ದು ಅಪನಂಬಿಕೆ ಎಂದು ಯಾರಾದರೂ ನಿಮ್ಮ ಮನಸ್ಸಿನಲ್ಲಿ ತುಂಬಿದ್ದರೆ ಅದನ್ನು ಇವತ್ತೇ ತೆಗೆದುಹಾಕಿ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಪೌಲನು ತಾನೊಬ್ಬನೇ ಅದನ್ನು ಹೊತ್ತುಕೊಂಡು ಹೋಗಲಿಲ್ಲ. ತೀತನ ಜೊತೆ, ಸಭೆಗಳೇ ಆರಿಸಿದ ಸಹೋದರನನ್ನೂ ಕಳಿಸಿದನು. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದಷ್ಟೇ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣವನ್ನೂ ಬರೆದಿಟ್ಟನು. ಎರಡನೇ ಕೊರಿಂಥದ 8ನೇ ಅಧ್ಯಾಯ ತೆರೆದು ನೋಡಿ. ಅಪೊಸ್ತಲನಿಗೇ ಲೆಕ್ಕ ತೋರಿಸುವುದು ಬೇಕೆನಿಸಿದ್ದರೆ ನಮ್ಮ ಖಜಾಂಚಿಗಳಿಗೆ ಬೇಡವೇ?

ಪೇತ್ರನು ನ್ಯಾಯವಿಚಾರಣೆ ದೇವರ ಮನೆಯಲ್ಲಿಯೇ ಆರಂಭವಾಗುತ್ತದೆ ಎನ್ನುತ್ತಾನೆ. ಇದನ್ನು ಹೆದರಿಸುವ ಮಾತೆಂದು ನಾನು ಓದುವುದಿಲ್ಲ. ಮಗನಿಗೆ ಮನೆಯ ಮೇಲೆ ಪ್ರೀತಿ ಇದ್ದರೆ ಸೋರುವ ಜಾಗವನ್ನು ಹುಡುಕಿಯೇ ಹುಡುಕುತ್ತಾನೆ. ಮುಚ್ಚಿಟ್ಟ ಲೆಕ್ಕ ಹೊರಗೆ ಬರುವುದು ಆತನು ಮನೆಯನ್ನು ಬಿಟ್ಟನೆಂಬುದರ ಗುರುತಲ್ಲ. ಅನೇಕ ಸಲ ಆತನು ಮಾಳಿಗೆ ಹತ್ತಿದ್ದಾನೆಂಬುದರ ಗುರುತು.

ಇಲ್ಲಿ ಒಂದು ಕಠಿಣ ಮಾತನ್ನೂ ಹೇಳಬೇಕು. ಕ್ರಿಸ್ತನ ನಂಬಿಗಸ್ತಿಕೆ ಎಂದರೆ ನಿಮ್ಮೂರ ಸಭೆ ಮತ್ತೆ ಒಂದಾಗಿಯೇ ತೀರುತ್ತದೆ, ಸ್ಲ್ಯಾಬ್ ಬಿದ್ದೇ ಬೀಳುತ್ತದೆ ಎಂಬ ಖಾತ್ರಿಯಲ್ಲ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 3ನೇ ಅಧ್ಯಾಯದಲ್ಲಿ ಆತನು ಲವೊದಿಕೀಯದ ಸಭೆಗೆ ಪತ್ರ ಬರೆಸುತ್ತಾನೆ. ಅಲ್ಲಿ ಪತ್ರ ಪಡೆದ ಏಳು ಸಭೆಗಳಲ್ಲಿ ಒಂದು ಒಳ್ಳೆಯ ಮಾತೂ ಕೇಳದ ಸಭೆ ಅದು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಆ ಸಭೆಗೆ ಬರೆಯುವಾಗಲೇ ಆತನು ತನ್ನನ್ನು ‘ಆಮೆನ್’ ಎಂದು, ನಂಬತಕ್ಕ ಸತ್ಯಸಾಕ್ಷಿ ಎಂದು ಕರೆದುಕೊಳ್ಳುತ್ತಾನೆ. ಅದೇ ಪತ್ರದಲ್ಲಿ ಆತನು ಬಾಗಿಲ ಹೊರಗೆ ನಿಂತು ತಟ್ಟುತ್ತಿದ್ದಾನೆ. ಸ್ವಂತ ಮನೆಯವರೇ ಹೊರಗೆ ನಿಲ್ಲಿಸಿದ ಮಗ, ಆದರೂ ಹೋಗಿಬಿಡದೆ ನಿಂತಿದ್ದಾನೆ. ಲವೊದಿಕೀಯ ಇವತ್ತು ಟರ್ಕಿ ದೇಶದಲ್ಲಿ ಕಂಬಗಳು ಬಿದ್ದ ಹಾಳೂರು. ಊರು ಹೋಯಿತು, ಕಟ್ಟಡ ಹೋಯಿತು. ಆತನ ನಂಬಿಗಸ್ತಿಕೆ ಅಲ್ಲಿ ಸೋತಿತು ಎಂದು ನಾನು ಹೇಳಲಾರೆ. ಬಾಗಿಲು ತೆರೆದ ಒಬ್ಬೊಬ್ಬರ ಜೊತೆಗೂ ಊಟಕ್ಕೆ ಕೂಡುತ್ತೇನೆ ಎಂದದ್ದನ್ನು ಆತನು ನಡೆಸಿಯೇ ಇರುತ್ತಾನೆ.

ನಮ್ಮ ಭಾಗದ ಸಭೆಗಳನ್ನೇ ನೋಡಿ. ನಿಜಾಮರ ಆಳ್ವಿಕೆಯಲ್ಲಿ ಮಿಷನರಿಗಳು ಬಂದರು. 1948ರಲ್ಲಿ ಸಂಸ್ಥಾನ ಹೋಯಿತು. 1956ರಲ್ಲಿ ಬೀದರ್, ಕಲಬುರಗಿ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. ವಿದೇಶಿ ಮಿಷನರಿಗಳು ಹೊರಟುಹೋದರು. 1981ರಲ್ಲಿ ಮೆಥೊಡಿಸ್ಟ್ ಸಭೆ ಭಾರತದಲ್ಲಿ ತನ್ನ ಕಾಲ ಮೇಲೆ ತಾನು ನಿಂತಿತು. 2005ರಲ್ಲಿ ಕಥೋಲಿಕರಿಗೆ ಕಲಬುರಗಿಯಲ್ಲಿಯೇ ಧರ್ಮಪ್ರಾಂತ್ಯವಾಯಿತು. ಧಣಿಗಳು, ಮಂಡಳಿಗಳು, ಹೆಸರುಗಳು ಇಷ್ಟು ಸಲ ಬದಲಾದರೂ ಸಂಜೆ ರೊಟ್ಟಿ ತಟ್ಟಿದ ಕೈ ಒರೆಸಿಕೊಂಡು ಪ್ರಾರ್ಥನೆಗೆ ಕೂಡುವ ತಾಯಂದಿರು ಇದ್ದೇ ಇದ್ದಾರೆ. ನಿಮ್ಮಜ್ಜಿ ಅವರಲ್ಲೊಬ್ಬಳು.

ಈಗ ನಿಮ್ಮನ್ನು ನಿದ್ದೆಗೆಡಿಸಿದ ‘ಹಿಡಿದುಕೊಂಡರೆ’. ದೇವರ ಜನ ಇದನ್ನು ಎರಡು ರೀತಿ ಓದುತ್ತಾ ಬಂದಿದ್ದಾರೆ. ಮೆಥೊಡಿಸ್ಟ್ ಸಭೆಗೆ ಮೂಲನಾದ ಜಾನ್ ವೆಸ್ಲಿಯ ದಾರಿಯವರು, ನಮ್ಮ ಬೀದರ್ ಜಿಲ್ಲೆಯಲ್ಲಿ ಇವರೇ ಬಹಳ, ಇದನ್ನು ನಿಜವಾದ ಎಚ್ಚರಿಕೆ ಎಂದು ತೆಗೆದುಕೊಳ್ಳುತ್ತಾರೆ: ನಂಬಿದವನು ಬೇಕೆಂದೇ ಕೈಬಿಟ್ಟು ಹೋಗಬಲ್ಲ. ಸಭಾ ಸುಧಾರಕ ಕ್ಯಾಲ್ವಿನನ ದಾರಿಯವರು ಇದನ್ನು ಗುರುತು ಎಂದು ಓದುತ್ತಾರೆ: ಕಡೇ ತನಕ ಹಿಡಿದವನೇ ಮೊದಲಿನಿಂದಲೂ ಮನೆಯವನಾಗಿದ್ದನು. ನಾನು ವೆಸ್ಲಿಯ ಕಡೆಯವನು, ಎಚ್ಚರಿಕೆಯ ಮೊನೆಯನ್ನು ಮುರಿಯುವುದಿಲ್ಲ. ಆದರೂ ಇಬ್ರಿಯರ 3ನೇ ಅಧ್ಯಾಯದ 14ನೇ ವಚನದಲ್ಲಿ ‘ಕ್ರಿಸ್ತನಲ್ಲಿ ಪಾಲುಗಾರರಾಗಿದ್ದೇವೆ’ ಎನ್ನುವಾಗ ಗ್ರೀಕಿನಲ್ಲಿರುವ ಕ್ರಿಯಾಪದ ಆಗಿಹೋಗಿ ಈಗಲೂ ನಿಂತಿರುವ ಸಂಗತಿಯನ್ನು ಹೇಳುತ್ತದೆ. ಹಿಡಿದು ಹಿಡಿದು ಮನೆಯವರಾಗಿರಿ ಎಂದು ಪತ್ರಿಕೆ ಹೇಳುತ್ತಿಲ್ಲ. ಮನೆಯವರಾಗಿದ್ದೀರಿ, ಬಿಡಬೇಡಿ ಎನ್ನುತ್ತಿದೆ.

ಹಿಡಿಯಬೇಕಾದದ್ದು ಏನು ಎಂಬುದನ್ನೂ ನೋಡಿ. ದೇವರ ಮುಂದೆ ಹೋಗುವ ಧೈರ್ಯ, ಮತ್ತು ನಿರೀಕ್ಷೆ. ಗುಂಪನ್ನು ಹಿಡಿಯಬೇಕೆಂದು ಅಲ್ಲಿಲ್ಲ, ಹಾಜರಿ ಪುಸ್ತಕವನ್ನೂ ಅಲ್ಲ. ನಿಮ್ಮಪ್ಪ ಎರಡೂ ಕಡೆ ಹೋಗುತ್ತಿಲ್ಲ ಎಂದಿರಿ. ಮನೆಯಲ್ಲಿ ಪ್ರಾರ್ಥಿಸುತ್ತಾರೋ ಇಲ್ಲವೋ ಬರೆದಿಲ್ಲ. ಗಂಟೆಯ ಹಗ್ಗ ಹಿಡಿದ ಕೈ ಯೇಸುವನ್ನು ಬಿಟ್ಟಿದೆಯೋ, ಅಥವಾ ಜಗಳವನ್ನು ಬಿಟ್ಟಿದೆಯೋ, ಮೊದಲು ಅದನ್ನು ತಿಳಿದುಕೊಳ್ಳಿ. ಇಪ್ಪತ್ತು ವರ್ಷ ಒಂದೇ ಗಂಟೆಗೆ ಇಡೀ ಊರನ್ನು ಕೂಡಿಸಿದ ಮನುಷ್ಯ, ಅರ್ಧ ಊರಿಗಾಗಿ ಗಂಟೆ ಬಾರಿಸಲಾರದೆ ಮನೆಯಲ್ಲಿ ಕೂತಿರಬಹುದು. ಅಂಥವರನ್ನು ಹೊರಗಿನವರೆನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ಅವರನ್ನು ಹಾಗೆಯೇ ಬಿಡಬೇಡಿ. ಇದೇ ಅಧ್ಯಾಯದ 13ನೇ ವಚನ, ‘ಈ ಹೊತ್ತು’ ಎನ್ನುವ ಕಾಲ ಇರುವ ತನಕ ದಿನಾಲೂ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎನ್ನುತ್ತದೆ. ವಾರಕ್ಕೊಮ್ಮೆ ಅಲ್ಲ, ದಿನಾಲೂ. ಮನಸ್ಸು ಕಲ್ಲಾಗುವುದು ಒಂಟಿಯಾಗಿದ್ದಾಗ. ಆ ಪತ್ರಿಕೆ ಬರೆಸಿಕೊಂಡ ಜನ ಆಸ್ತಿ ಕಳೆದುಕೊಂಡವರು, ಅವಮಾನ ಉಂಡವರು. ಅವರಲ್ಲಿ ಕೆಲವರು ಕೂಡಿಬರುವುದನ್ನೇ ಬಿಟ್ಟಿದ್ದರು ಎಂದು 10ನೇ ಅಧ್ಯಾಯ ಹೇಳುತ್ತದೆ. ಅವರನ್ನು ಬೈಯುವ ಮೊದಲು ಪತ್ರಿಕೆ ಅವರಿಗೆ ಕರುಣೆಯುಳ್ಳ, ನಂಬಿಗಸ್ತನಾದ ಮಹಾಯಾಜಕನನ್ನು ತೋರಿಸಿತು. ನೀವೂ ಅದೇ ಕ್ರಮದಲ್ಲಿ ಹೋಗಿ.

ಮಾಡಬೇಕಾದ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಊರಿನ ಒಳಗು ನನಗಿಂತ ನಿಮಗೆ ಗೊತ್ತು. ಹಣ ಕೊಟ್ಟವರು ನಾಲ್ಕೈದು ಜನ, ಎರಡೂ ಗುಂಪಿನಿಂದ ಸೇರಿ, ನಿಮ್ಮ ಸಭೆಯ ಮೇಲಿನವರಿಗೆ ಲೆಕ್ಕ ಕೇಳಿ ಒಂದು ಕಾಗದ ಬರೆಯಿರಿ. ಯಾರನ್ನೂ ಕಳ್ಳ ಎನ್ನಬೇಡಿ, ಕೊಟ್ಟ ಮೊತ್ತ ಮತ್ತು ತಾರೀಖು ಬರೆದರೆ ಸಾಕು. ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಎತ್ತಬೇಡಿ. ಸಂಡೇಸ್ಕೂಲ್ ಮಕ್ಕಳನ್ನು ಮಾತ್ರ ಎರಡು ಮಾಡಬೇಡಿ. ಯಾರ ಮನೆಯ ಪಡಸಾಲೆಯಲ್ಲಾದರೂ ಸರಿ, ಎರಡೂ ಕಡೆಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂಡಲಿ. ದೊಡ್ಡವರು ಒಪ್ಪದಿದ್ದರೆ ನಿಮ್ಮ ಮನೆಯ ಪಡಸಾಲೆಯೇ ಇದೆ.

ಮತ್ತೆ ಈ ಶನಿವಾರ ಸಂಜೆ ಊಟವಾದ ಮೇಲೆ ಅಪ್ಪನ ಹತ್ತಿರ ಕೂತು ಅರಣ್ಯಕಾಂಡದ 12ನೇ ಅಧ್ಯಾಯ ಓದಿ. ಹದಿನಾರೇ ವಚನ, ಹತ್ತು ನಿಮಿಷವೂ ಹಿಡಿಯುವುದಿಲ್ಲ. ಚರ್ಚಿಗೆ ಬನ್ನಿ ಎಂದು ಹೇಳಬೇಡಿ. ಮಿರ್ಯಾಮಳು ಒಳಗೆ ಬರುವ ತನಕ ಜನ ಹೊರಡಲಿಲ್ಲ ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಸುಮ್ಮನಿರಿ. ಅವರು ಮೊದಲು ಮಾತಾಡಲಿ. ಏನು ಹೇಳಿದರೆಂದು ನನಗೆ ಬರೆಯಿರಿ.